ದೀಪದ ಎಣ್ಣೆಗೆ ಮುಜರೆ ಉಂಟೆ?

ಮುಜರಾಯಿ ಇಲಾಖೆ ಎಂದರೆ ದೇವಸ್ಥಾನಗಳ ಉಸ್ತುವಾರಿ ನೋಡುವ ಇಲಾಖೆ ಎಂದು ನಮಗೆಲ್ಲ ಗೊತ್ತು. ಆದರೆ ಆ ಮಾತಿಗೂ ದೇವರಿಗೂ ಮೂಲದಲ್ಲಿ ಯಾವ ಸಂಬಂಧವೂ ಇಲ್ಲ ಎಂಬುದು ಅಷ್ಟಾಗಿ ಗೊತ್ತಿಲ್ಲ. ಅದು ಅರಬ್ಬಿ-ಪಾರಸಿಯಿಂದ ಬಂದ ಲೆಕ್ಕಪತ್ರದ ಮಾತು. ‘ಮುಜರಾ’ ಎಂದರೆ ವಜಾ, ಕೊಡಬೇಕಾದ ಮೊತ್ತದಲ್ಲಿ ಕಳೆದುಕೊಟ್ಟದ್ದು. ಅಂಗಡಿಯ ಹಳೆಯ ಬಾಕಿಯನ್ನು ಹೊಸ ಲೆಕ್ಕಕ್ಕೆ ಮುಜರಾ ಹಾಕಿಕೊಳ್ಳುವುದೆಂಬ ಮಾತನ್ನು ಹಳೆಯ ಕಾಲದ ಶಾನುಭೋಗರು, ವರ್ತಕರು ಸಲೀಸಾಗಿ ಆಡುತ್ತಿದ್ದರು. ಊರಿನ ಕಂದಾಯ ಇಷ್ಟು, ಅದರಲ್ಲಿ ಗುಡಿಗೆ, ಮಠಕ್ಕೆ, ಛತ್ರಕ್ಕೆ ಬಿಟ್ಟದ್ದು ಇಷ್ಟು ಎಂದು ಕಳೆಯುತ್ತಿದ್ದರಲ್ಲ, ಆ ಕಳೆದ ಬಾಬೇ ಮುಜರಾಯಿ. ಇಂಥ ಬಾಬುಗಳೆಲ್ಲ ಒಟ್ಟುಗೂಡಿ ಒಂದು ಇಲಾಖೆಯಾಯಿತು, ಇಲಾಖೆಗೆ ಒಬ್ಬ ಮಂತ್ರಿಯೂ ಬಂದರು. ತೆರಿಗೆ ವಿನಾಯಿತಿಯ ಹೆಸರನ್ನೇ ಹಣೆಯ ಮೇಲೆ ಬರೆದುಕೊಂಡ ಖಾತೆ ಬೇರೆ ರಾಜ್ಯಗಳಲ್ಲಿ ಸಿಗುವುದು ಅಪರೂಪ.

ಈಗ ಈ ಮಾತನ್ನು ಎತ್ತಿದ್ದಕ್ಕೆ ಕಾರಣವಿದೆ. ಸಂಬಳವಿಲ್ಲದೆ, ಅಥವಾ ಹೆಸರಿಗೆ ಮಾತ್ರ ಇರುವ ಸಂಭಾವನೆಗೆ, ದೇವರ ಕೆಲಸ ಮಾಡುವವರು ಎಲ್ಲ ಮತಗಳಲ್ಲೂ ಇದ್ದಾರೆ. ಭದ್ರಾವತಿಯ ಕಾರ್ಖಾನೆಯಲ್ಲಿ ವಾರವಿಡೀ ದುಡಿದು ಭಾನುವಾರ ಇಪ್ಪತ್ತು ಕಿಲೋಮೀಟರು ದೂರದ ಶಿವಮೊಗ್ಗದ ಒಂದು ಸಣ್ಣ ಸಭೆಗೆ ಬೋಧನೆ ಮಾಡಲು ಹೋಗುವ ಉಪದೇಶಿಯೊಬ್ಬರನ್ನು ಊಹಿಸಿಕೊಳ್ಳಿ. ಪೆಟ್ರೋಲು ಅವರದು, ಹಾಡಿನ ಪುಸ್ತಕ ಅವರದು, ರೋಗಿಯ ಮನೆಗೆ ಒಯ್ಯುವ ಹಣ್ಣು ಅವರದು. ಅದೇ ರಸ್ತೆಯ ಪಕ್ಕದ ಹಳ್ಳಿಯಲ್ಲಿ ಒಂದು ಗುಡಿಯ ಅರ್ಚಕರು ದೀಪಕ್ಕೆ ಎಣ್ಣೆ, ನೈವೇದ್ಯಕ್ಕೆ ಅಕ್ಕಿ ತಮ್ಮ ಮನೆಯಿಂದಲೇ ತಂದು ಪೂಜೆ ಮುಗಿಸುತ್ತಾರೆ. ಯಾರೂ ತುಂಬಿಕೊಡದ ಈ ಖರ್ಚನ್ನು ಸರ್ಕಾರ ತನ್ನ ಲೆಕ್ಕದಲ್ಲಿ ಎಲ್ಲಿಯಾದರೂ ಮುಜರಾ ಮಾಡಿಕೊಳ್ಳುತ್ತದೆಯೇ? ಇಂದಿನ ಆದಾಯ ತೆರಿಗೆ ಕಾನೂನನ್ನು ಕೇಳಿದರೆ ಇಲ್ಲ ಎನ್ನುತ್ತದೆ. ಇದೇ ಸೀಮೆಯ ಹಳೆಯ ಕಲ್ಲುಗಳನ್ನು ಕೇಳಿದರೆ ಬೇರೆ ಉತ್ತರ ಸಿಗುತ್ತದೆ.

ಬಿ.ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಮತ್ತು ಎಂಟನೆಯ ಸಂಪುಟಗಳಲ್ಲಿ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದ್ದು 1902 ಮತ್ತು 1904ರಲ್ಲಿ. ದಾನಶಾಸನಗಳನ್ನು ಓದುತ್ತ ಹೋದರೆ ಒಂದು ಸಂಗತಿ ಎದ್ದು ಕಾಣುತ್ತದೆ. ದೊರೆ ‘ದೇವರಿಗೆ ಭೂಮಿ ಬಿಟ್ಟೆ’ ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ, ಯಾವ ಖರ್ಚಿಗೆ ಎಂದು ಬಿಡಿಸಿ ಹೇಳುತ್ತಾನೆ. ಅಂಗಭೋಗ, ರಂಗಭೋಗ, ನಂದಾದೀವಿಗೆ, ತಪೋಧನರ ಊಟ, ಒಡೆದು ಬಿರುಕು ಬಿಟ್ಟ ಕಟ್ಟಡದ ಜೀರ್ಣೋದ್ಧಾರ. ಅಂದರೆ ಇಂದಿನ ಲೆಕ್ಕಿಗರು ‘ನಿತ್ಯದ ಖರ್ಚು’ ಎಂದೂ ‘ಬಂಡವಾಳದ ಖರ್ಚು’ ಎಂದೂ ಬೇರ್ಪಡಿಸುವ ಎರಡೂ ಬಾಬುಗಳು ಅಲ್ಲಿವೆ. ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನವಂತೂ ಪ್ರಸಿದ್ಧ. ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುವ ಜಾಗ, ದೀನರಿಗೆ ಕುರುಡರಿಗೆ ಅನ್ನವಿಕ್ಕುವ ಜಾಗ, ರೋಗಿಗಳಿಗೆ ಔಷಧ ಕೊಡುವ ಜಾಗ ಎಂದು ಅದು ಮಠವನ್ನು ವರ್ಣಿಸುತ್ತದೆ. ಬಿಜ್ಜಳನ ಕಾಲದ ಆ ಕಲ್ಲನ್ನು ಇಂದಿನ ಯಾವುದಾದರೂ ಧರ್ಮಸಂಸ್ಥೆಯ ವಾರ್ಷಿಕ ವರದಿಯ ಪಕ್ಕದಲ್ಲಿಟ್ಟು ನೋಡಬಹುದು.

ಹೀಗೆ ಬಿಟ್ಟ ಭೂಮಿಗೆ ಸರ್ವಮಾನ್ಯ, ಸರ್ವಬಾಧಾಪರಿಹಾರ, ಸರ್ವನಮಸ್ಯ ಎಂಬ ಹೆಸರುಗಳು. ಅದನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪಾಶಯವನ್ನೂ ಕೊನೆಯಲ್ಲಿ ಸೇರಿಸುತ್ತಿದ್ದರು. ಇಂದಿನ ತೆರಿಗೆ ದಂಡದ ಕಲಮುಗಳು ಇದಕ್ಕೆ ಹೋಲಿಸಿದರೆ ಸೌಮ್ಯವೇ ಸರಿ.

ಇಲ್ಲಿ ಗಮನಿಸಬೇಕಾದದ್ದು ವಿನಾಯಿತಿ ಸಿಗುತ್ತಿದ್ದ ರೀತಿ. ಪೂಜೆ ಮಾಡುವವನು ಮೊದಲು ಖರ್ಚು ಮಾಡಿ, ಚೀಟಿ ಇಟ್ಟುಕೊಂಡು, ವರ್ಷದ ಕೊನೆಗೆ ಅಧಿಕಾರಿಯ ಮುಂದೆ ನಿಂತು ಕಳೆದುಕೊಡಿ ಎಂದು ಕೇಳಬೇಕಾಗಿರಲಿಲ್ಲ. ಕಳೆಯುವ ಕೆಲಸ ಮೊದಲೇ ಆಗಿಬಿಡುತ್ತಿತ್ತು. ಗದ್ದೆಯ ಮೇಲೆ ಅರಮನೆಗೆ ಸಲ್ಲಬೇಕಾದ ಪಾಲು ಅರಮನೆಗೆ ಹೋಗದೆ ಗುಡಿಯಲ್ಲೇ ಉಳಿಯುತ್ತಿತ್ತು. ಎಣ್ಣೆಯ ಬೆಲೆ ಏರಿದರೆ ಭತ್ತದ ಬೆಲೆಯೂ ಏರುತ್ತಿದ್ದುದರಿಂದ ಖರ್ಚೂ ಆದಾಯವೂ ಸುಮಾರಾಗಿ ಜೊತೆಜೊತೆಯಾಗಿ ನಡೆಯುತ್ತಿದ್ದವು.

ಈ ಪದ್ಧತಿಯ ಬೆಲೆ ಎಷ್ಟೆಂದು ಅಳೆಯಲು ಮೊದಲು ಕಂದಾಯವನ್ನು ಅಳೆಯಬೇಕಲ್ಲ. ಆ ಕೆಲಸದಲ್ಲಿ ಶಿವಮೊಗ್ಗ ಸೀಮೆಯದು ದೊಡ್ಡ ಹೆಸರು. ಕೆಳದಿಯ ಶಿವಪ್ಪನಾಯಕ 1645ರಿಂದ 1660ರವರೆಗೆ ಆಳಿದ. ‘ಶಿವಪ್ಪನಾಯಕನ ಶಿಸ್ತು’ ಎಂಬ ಮಾತು ಜನರ ಬಾಯಲ್ಲಿ ಇಂದಿಗೂ ಇದೆ. ಶಿಸ್ತು ಎಂದರೆ ಅಲ್ಲಿ ಶಾಲೆಯ ಶಿಸ್ತಲ್ಲ, ಕಂದಾಯದ ನಿಗದಿ. ಭೂಮಿಯನ್ನು ಉತ್ತಮ, ಮಧ್ಯಮ, ಕನಿಷ್ಠ ಮುಂತಾದ ಐದು ತರಗಳಾಗಿ ವಿಂಗಡಿಸಿ, ಪ್ರತಿ ತರದ ಹೊಲವನ್ನು ಹನ್ನೆರಡು ವರ್ಷ ಕಾಲ ತನ್ನ ಖರ್ಚಿನಲ್ಲೇ ಬೆಳೆಸಿ, ಇಳುವರಿಯ ಸರಾಸರಿ ತೆಗೆದು, ಅದರ ಮೂರರಲ್ಲಿ ಒಂದು ಪಾಲನ್ನು ಸರ್ಕಾರದ್ದೆಂದು ಗೊತ್ತುಮಾಡಿದನೆಂದು ರೈಸ್ ಅವರ ಗ್ಯಾಸೆಟಿಯರ್ ಹೇಳುತ್ತದೆ. ಹನ್ನೆರಡು ವರ್ಷದ ಈ ಕಥೆಯಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಸೇರಿರಬಹುದು, ಇರಲಿ. ಉತ್ಪತ್ತಿಯ ಮೂರನೆಯ ಒಂದು ಭಾಗ ಎಂದ ಮೇಲೆ ಮಾನ್ಯ ಪಡೆದ ಗುಡಿಗೆ ಉಳಿಯುತ್ತಿದ್ದುದು ಸಣ್ಣ ಮೊತ್ತವಲ್ಲ. ತುಂಗೆ ಭದ್ರೆಯರು ಕೂಡುವ ಕೂಡಲಿಯಂಥ ಕ್ಷೇತ್ರಗಳಲ್ಲಿ, ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯವಿದ್ದ ಅಂದಿನ ಬೆಂಕೀಪುರದಂಥ ಊರುಗಳಲ್ಲಿ ದೀಪ ಉರಿಯುತ್ತಿದ್ದದ್ದು ಇಂಥ ಬಿಟ್ಟುಕೊಟ್ಟ ಪಾಲಿನ ಮೇಲೆ. ಆ ಬೆಂಕೀಪುರವೇ ಇಂದಿನ ಭದ್ರಾವತಿ.

ಮಾನ್ಯಗಳು ಆಚಂದ್ರಾರ್ಕ ಎಂದು ಬರೆದಿದ್ದರೂ ಅಷ್ಟು ಕಾಲ ಉಳಿಯಲಿಲ್ಲ. 1763ರಲ್ಲಿ ಬಿದನೂರು ಹೈದರನ ಕೈಸೇರಿತು. ಟಿಪ್ಪುವಿನ ಕಾಲದಲ್ಲಿ ಅನೇಕ ಇನಾಮುಗಳು ಸರ್ಕಾರಕ್ಕೆ ಸೇರಿಹೋದವು. 1799ರ ನಂತರ ದಿವಾನ್ ಪೂರ್ಣಯ್ಯನವರು ಕೆಲವನ್ನು ಮರಳಿಸಿದರು, ಕೆಲವಕ್ಕೆ ಬದಲಾಗಿ ನಗದು ಗೊತ್ತುಮಾಡಿದರು. 1830-31ರ ನಗರದ ರೈತರ ದಂಗೆಯ ನಂತರ ಬ್ರಿಟಿಷ್ ಕಮಿಷನರುಗಳ ಆಡಳಿತ ಬಂತು. 1866ರಲ್ಲಿ ಇನಾಂ ಕಮಿಷನ್ ನೇಮಕವಾಗಿ ಯಾರ ಬಳಿ ಯಾವ ಸನದು ಇದೆ ಎಂಬ ವಿಚಾರಣೆ ಶುರುವಾಯಿತು. ಪೂರ್ತಿ ಮಾಫಿಯ ಜಾಗದಲ್ಲಿ ಎಷ್ಟೋ ಕಡೆ ‘ಜೋಡಿ’ ಎಂಬ ಹಗುರ ಕಂದಾಯ ಬಂತು. ಮುಂದೆ 1927ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಸಂಸ್ಥೆಗಳ ಕಾಯ್ದೆ ಈ ಎಲ್ಲವನ್ನೂ ಒಂದು ಕಟ್ಟಿಗೆ ತಂದಿತು.

ಇಷ್ಟು ಹೇಳಿ ಹಳೆಯದೆಲ್ಲ ಹೊನ್ನು ಎಂದುಬಿಟ್ಟರೆ ಅನ್ಯಾಯವಾಗುತ್ತದೆ. ಮಾನ್ಯದ ಗದ್ದೆಯಲ್ಲಿ ಭತ್ತ ತಾನಾಗಿ ಬೆಳೆಯಲಿಲ್ಲ. ಸರ್ಕಾರ ಬಿಟ್ಟ ಪಾಲು ಗುಡಿಗೆ ಹೋಯಿತೇ ಹೊರತು ಉತ್ತವನಿಗೆ ಹೋಗಲಿಲ್ಲ. ಅವನು ಅರಮನೆಗೆ ಬದಲಾಗಿ ಇನಾಂದಾರನಿಗೆ ಅಳೆದುಕೊಟ್ಟ, ಅಷ್ಟೇ ವ್ಯತ್ಯಾಸ. ದೇವರ ಹೆಸರಿನ ಭೂಮಿ ಕಾಲಾಂತರದಲ್ಲಿ ಕುಟುಂಬದ ಆಸ್ತಿಯಂತಾದ ಉದಾಹರಣೆಗಳಿಗೂ ಕೊರತೆಯಿಲ್ಲ. 1951ರಲ್ಲಿ ಇದೇ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಅಲ್ಲಿನ ಜಗಳ ಖಾಸಗಿ ಜಮೀನ್ದಾರರ ಜೊತೆಗೆ, ದೇವಸ್ಥಾನದ ಜೊತೆಗಲ್ಲ. ಆದರೂ ಉಳುವವನ ಬೆವರಿನ ಮೇಲೆ ಬೇರೆಯವರ ಹಕ್ಕು ಎಲ್ಲಿಯವರೆಗೆ ಎಂಬ ಪ್ರಶ್ನೆ ಅಲ್ಲಿ ಎದ್ದ ಮೇಲೆ ದೇವರ ಇನಾಮನ್ನು ಮಾತ್ರ ಮುಟ್ಟದೆ ಬಿಡುವುದು ಸಾಧ್ಯವಿರಲಿಲ್ಲ.

1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳ ರದ್ದಿಯಾತಿ ಕಾಯ್ದೆ ಬೇರೆ ಬೇರೆ ಪ್ರದೇಶಗಳಲ್ಲಿ ಬೇರೆ ಬೇರೆ ದಿನಾಂಕಗಳಂದು ಜಾರಿಗೆ ಬಂತು. ಕೆಲವು ಕಡೆ ಭೂಮಿ ಸರ್ಕಾರಕ್ಕೆ ಸೇರಲು 1970ರ ಜುಲೈ 1ರವರೆಗೆ ಕಾಯಬೇಕಾಯಿತು. 1974ರ ಭೂಸುಧಾರಣೆ ಉಳಿದದ್ದನ್ನು ಮುಗಿಸಿತು. ಉಳುವವನು ಒಡೆಯನಾದ. ದೇವರಿಗೆ ಭೂಮಿಯ ಬದಲು ವರ್ಷಾಶನ ಗೊತ್ತಾಯಿತು, ಅದರ ಹೆಸರು ತಸ್ತೀಕು. ಇದೂ ಅರಬ್ಬಿ ಮೂಲದ ಮಾತೇ. ‘ತಸ್ದೀಕ್’ ಎಂದರೆ ನಿಜವೆಂದು ದೃಢೀಕರಿಸುವುದು. ಕಚೇರಿಯಲ್ಲಿ ದೃಢೀಕರಣವಾಗಿ ಕೈಗೆ ಬರುವ ಹಣಕ್ಕೇ ಕೊನೆಗೆ ಆ ಹೆಸರು ನಿಂತಿತು.

ಎಡವಟ್ಟಾದದ್ದು ಇಲ್ಲಿ. ಗದ್ದೆ ಹೋಗಿ ರೂಪಾಯಿ ಬಂದಾಗ, ಬೆಳೆಯುವ ವಸ್ತುವಿನ ಬದಲು ಬೆಳೆಯದ ವಸ್ತು ಬಂದಂತಾಯಿತು. ಅಂದಿನ ಹುಟ್ಟುವಳಿ ನೋಡಿ ಗೊತ್ತುಮಾಡಿದ ಮೊತ್ತ ಅಲ್ಲೇ ನಿಂತಿತು, ಎಣ್ಣೆ ಬತ್ತಿ ಕರ್ಪೂರಗಳ ಬೆಲೆ ನಿಲ್ಲಲಿಲ್ಲ. ಅಂಗಡಿ ಮಳಿಗೆ, ಹುಂಡಿ, ಭಕ್ತರ ದಂಡು ಇರುವ ದೇವಾಲಯಗಳು ಇದರಿಂದ ಕಂಗೆಡಲಿಲ್ಲ. ಶಿವಮೊಗ್ಗದ ಕೋಟೆಯ ಮಾರಿಕಾಂಬೆಯ ಜಾತ್ರೆಯನ್ನು ನೋಡಿದವರಿಗೆ ದೇವರ ಬಡತನದ ಮಾತು ತಮಾಷೆಯಾಗಿ ಕೇಳಿಸೀತು. ಕಷ್ಟ ಬಂದದ್ದು ಊರ ಹೊರಗಿನ ಈಶ್ವರನಿಗೆ, ಕೆರೆ ಏರಿಯ ಆಂಜನೇಯನಿಗೆ, ಅವರನ್ನು ನಂಬಿದ ಪೂಜಾರಿಗೆ. ತುಂಬಿಕೊಡದ ಖರ್ಚು ಎಂಬುದು ಅವನ ಜೇಬಿಗೆ ಬಂದು ಕೂತದ್ದು ಆಗಲೇ.

ಸರ್ಕಾರಕ್ಕೆ ಇದು ತಿಳಿಯದೆ ಇರಲಿಲ್ಲ. 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯ್ದೆ 2003ರ ಮೇ 1ರಿಂದ ಜಾರಿಗೆ ಬಂದು, ದೇವಾಲಯಗಳನ್ನು ವರಮಾನದ ಮೇಲೆ ದರ್ಜೆಗಳಾಗಿ ವಿಂಗಡಿಸಲಾಯಿತು. ರಾಜ್ಯದ ಸುಮಾರು 34 ಸಾವಿರ ಮುಜರಾಯಿ ದೇವಾಲಯಗಳಲ್ಲಿ ಬಹುಪಾಲು ‘ಸಿ’ ದರ್ಜೆಯವು, ಅಂದರೆ ವರಮಾನ ಅಲ್ಪ. ಇವುಗಳಿಗೆ ಕೊಡುವ ತಸ್ತೀಕನ್ನು ಬಜೆಟ್ಟಿನಿಂದ ಬಜೆಟ್ಟಿಗೆ ಏರಿಸುತ್ತ ಬಂದು, 2025-26ರ ಬಜೆಟ್ಟಿನಲ್ಲಿ ವರ್ಷಕ್ಕೆ 60,000 ರೂಪಾಯಿಯಿಂದ 72,000ಕ್ಕೆ ಹೆಚ್ಚಿಸುವುದಾಗಿ ಘೋಷಿಸಲಾಯಿತು. ತಿಂಗಳಿಗೆ 6,000, ದಿನಕ್ಕೆ 197 ರೂಪಾಯಿ ಚಿಲ್ಲರೆ. ಎರಡು ಹೊತ್ತಿನ ದೀಪ, ಹೂವು, ನೈವೇದ್ಯ ಇದರಲ್ಲಿ ಮುಗಿದ ಮೇಲೆ ಉಳಿದದ್ದು ಅರ್ಚಕರ ಸಂಭಾವನೆ. ಒಂದೇ ಮೊತ್ತದೊಳಗೆ ದೇವರ ಖರ್ಚೂ ಮನುಷ್ಯನ ಕೂಲಿಯೂ ಬೆರೆತಿರುವುದರಿಂದ ಖರ್ಚು ಎಲ್ಲಿ ಮುಗಿಯಿತು, ವರಮಾನ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಲೆಕ್ಕ ಪರಿಶೋಧಕರಿಗೂ ಕಷ್ಟ.

ಇನ್ನು ಇಗರ್ಜಿಯ ಕಡೆಗೆ ಬರೋಣ. ಮೈಸೂರು ಸಂಸ್ಥಾನದಲ್ಲಿ 19ನೆಯ ಶತಮಾನದಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನ್ನಿನವರ ಪದ್ಧತಿಯಲ್ಲಿ ಸಂಬಳದ ಪಾದ್ರಿಗಳ ಜೊತೆಗೆ ಸಂಬಳವಿಲ್ಲದ ಸ್ಥಳೀಯ ಬೋಧಕರೆಂಬ ವರ್ಗವೇ ಇತ್ತು. ಅವರು ಬೇರೆ ಉದ್ಯೋಗದಲ್ಲಿದ್ದುಕೊಂಡು ಬೋಧಿಸುವವರು. ಭದ್ರಾವತಿಯಲ್ಲಿ 1918ರಲ್ಲಿ ಆರಂಭವಾಗಿ 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆ, ಆಮೇಲೆ ಬಂದ ಕಾಗದದ ಕಾರ್ಖಾನೆ, ತಮಿಳು, ತೆಲುಗು, ಮಲಯಾಳ ಮಾತಾಡುವ ಕುಟುಂಬಗಳನ್ನು ಊರಿಗೆ ತಂದವು. ಅವರೊಂದಿಗೆ ಅವರವರ ದೇವರೂ ಬಂದರು. ಶಿವಮೊಗ್ಗ 1988ರಲ್ಲಿ ಪ್ರತ್ಯೇಕ ಕಥೋಲಿಕ ಧರ್ಮಪ್ರಾಂತ್ಯವಾಯಿತು. 2007ರಲ್ಲಿ ಸಿರೋ-ಮಲಬಾರ್ ಪಂಥದ ಭದ್ರಾವತಿ ಧರ್ಮಪ್ರಾಂತ್ಯವೂ ಆಯಿತು. ಕೆಲವೇ ಮೈಲಿಗಳ ಅಂತರದಲ್ಲಿ ಇಬ್ಬರು ಬಿಷಪ್ಪರಿರುವುದು ಹೊರಗಿನವರಿಗೆ ಆಶ್ಚರ್ಯ, ಇಲ್ಲಿಯವರಿಗೆ ಅದು ಕಾರ್ಖಾನೆಯ ಊರಿನ ಮತ್ತು ಮಲೆನಾಡಿಗೆ ವಲಸೆ ಬಂದವರ ಚರಿತ್ರೆ.

ಪಾದ್ರಿಗಳಿಗೂ ಸನ್ಯಾಸಿನಿಯರಿಗೂ ತೆರಿಗೆಯ ಪ್ರಶ್ನೆ ಬೇರೊಂದು ದಾರಿಯಿಂದ ಬಂತು. ಅನುದಾನಿತ ಶಾಲೆಗಳಲ್ಲಿ ಪಾಠ ಹೇಳುವ ಸನ್ಯಾಸಿನಿಯ ಹೆಸರಿಗೆ ಸರ್ಕಾರ ಸಂಬಳ ಕೊಡುತ್ತದೆ. ಆಕೆ ಬಡತನದ ವ್ರತ ತೊಟ್ಟವಳು, ಬಂದದ್ದನ್ನೆಲ್ಲ ತನ್ನ ಸಂಘಕ್ಕೆ ಒಪ್ಪಿಸುತ್ತಾಳೆ. ಹಾಗಾದರೆ ಅದು ಆಕೆಯ ವರಮಾನವೇ? ಮಿಷನರಿಗಳು ಸಂಘಕ್ಕೆ ಒಪ್ಪಿಸಬೇಕಾದ ಶುಲ್ಕಕ್ಕೆ ತೆರಿಗೆ ಬೇಡವೆಂದು 1944ರಲ್ಲೊಂದು, 1977ರಲ್ಲೊಂದು ಸುತ್ತೋಲೆ ಹೊರಟಿದ್ದವು. ಅವುಗಳ ಬಲದ ಮೇಲೆ ದಶಕಗಳ ಕಾಲ ಸಂಬಳದಲ್ಲಿ ತೆರಿಗೆ ಮುರಿಯುತ್ತಿರಲಿಲ್ಲ. ಆಮೇಲೆ ಇಲಾಖೆ ಮನಸ್ಸು ಬದಲಿಸಿತು. 2019ರಲ್ಲಿ ಮದರಾಸು ಹೈಕೋರ್ಟಿನ ವಿಭಾಗೀಯ ಪೀಠ, 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಇಲಾಖೆಯ ವಾದವನ್ನೇ ಎತ್ತಿಹಿಡಿದವು. ಸಂಬಳ ಮೊದಲು ವ್ಯಕ್ತಿಗೆ ಬರುತ್ತದೆ, ಆಮೇಲೆ ಯಾರಿಗೆ ಕೊಟ್ಟರೂ ಅದು ವರಮಾನದ ವಿನಿಯೋಗ, ವರಮಾನದಲ್ಲಿ ವಜಾ ಅಲ್ಲ ಎಂಬುದು ಅದರ ತಿರುಳು. ಶಿವಮೊಗ್ಗ, ಭದ್ರಾವತಿಗಳಲ್ಲೂ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಶಾಲೆಗಳಿವೆ. ಅನುದಾನದ ಸಂಬಳ ಬರುವಲ್ಲೆಲ್ಲ ಈ ತೀರ್ಪು ಅನ್ವಯಿಸುತ್ತದೆ. ತರ್ಕ ಗಟ್ಟಿಯಾಗಿದೆ, ಒಪ್ಪಬೇಕು. ಹಳೆಯ ಮಾನ್ಯದ ತರ್ಕಕ್ಕೆ ಇದು ನೇರ ವಿರುದ್ಧವಾದದ್ದು ಎಂಬುದನ್ನೂ ಕಾಣಬೇಕು. ಅಲ್ಲಿ ಹಣ ವ್ಯಕ್ತಿಯನ್ನು ಮುಟ್ಟುವ ಮೊದಲೇ ದೇವರದಾಗಿರುತ್ತಿತ್ತು.

ಇನ್ನು ದಾನಕ್ಕೆ ಸಿಗುವ ವಿನಾಯಿತಿ. 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಮನ್ನು ಎಲ್ಲರೂ ಕೇಳಿದ್ದೇವೆ. ಅದು ಒಪ್ಪುವುದು ಹಣದ ರೂಪದ ದಾನವನ್ನು ಮಾತ್ರ, ಅಕ್ಕಿ ಎಣ್ಣೆಯನ್ನಲ್ಲ, ದುಡಿಮೆಯನ್ನಲ್ಲ, ಪೆಟ್ರೋಲನ್ನೂ ಅಲ್ಲ. 2017ರ ತಿದ್ದುಪಡಿಯ ನಂತರ ನಗದಾಗಿ ಕೊಟ್ಟದ್ದಾದರೆ 2,000 ರೂಪಾಯಿಯವರೆಗೆ ಮಾತ್ರ. ಒಂದೇ ಮತದವರಿಗಾಗಿ ಇರುವ ಸಂಸ್ಥೆಗೆ ಸಾಮಾನ್ಯವಾಗಿ ಈ ಮಾನ್ಯತೆ ಇಲ್ಲ. ಚಾರಿತ್ರಿಕ ಅಥವಾ ಕಲಾ ಮಹತ್ವದ್ದೆಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಗುಡಿ, ಮಸೀದಿ, ಗುರುದ್ವಾರ, ಇಗರ್ಜಿಗಳಿಗೆ ಒಂದು ಅಪವಾದ ಉಂಟು, ಅದೂ ದುರಸ್ತಿ ಜೀರ್ಣೋದ್ಧಾರಗಳಿಗೆ ಮಾತ್ರ. ಅಂದರೆ ಶಾಸನದ ಪಟ್ಟಿಯಲ್ಲಿದ್ದ ಕಟ್ಟಡದ ಬಾಬು ಉಳಿಯಿತು, ನಂದಾದೀವಿಗೆಯ ಬಾಬು ಬಿದ್ದುಹೋಯಿತು. ಕಲ್ಲಿಗೆ ಸಿಗುವ ವಿನಾಯಿತಿ ಎಣ್ಣೆಗೆ ಸಿಗುವುದಿಲ್ಲ.

ಬೇರೆ ದೇಶಗಳಲ್ಲಿ ಹೇಗೆ? ಅಮೆರಿಕದಲ್ಲಿ ಇಗರ್ಜಿಗಾಗಿ ಪುಕ್ಕಟೆ ದುಡಿಯುವವನು ತನ್ನ ಸಮಯಕ್ಕೆ ಬೆಲೆ ಕಟ್ಟಿ ಕಳೆಯುವಂತಿಲ್ಲ, ಆದರೆ ಆ ಸೇವೆಗಾಗಿ ಕೈಯಿಂದ ಹಾಕಿದ, ಯಾರೂ ತುಂಬಿಕೊಡದ ಖರ್ಚನ್ನು ದಾನವೆಂದು ತೋರಿಸಬಹುದು. ಕಾರಿನ ಓಡಾಟಕ್ಕೆ ಮೈಲಿಗೆ 14 ಸೆಂಟು ಎಂದು ಕಾನೂನೇ ಗೊತ್ತುಮಾಡಿದೆ. 1998ರಿಂದ ಆ ದರ ಕದಲಿಲ್ಲ. ನಮ್ಮ ತಸ್ತೀಕಿನ ಹಳೆಯ ಕಾಯಿಲೆ ಅಲ್ಲೂ ಇದೆ ಎಂದಾಯಿತು. ಅಲ್ಲಿನ ಉದಾರತೆಗೂ ಮಿತಿಯಿದೆ. ಸಂಬಳವಿಲ್ಲದ ಮಾರ್ಮನ್ ಪ್ರಚಾರಕರಾಗಿ ಹೋದ ತಮ್ಮ ಇಬ್ಬರು ಮಕ್ಕಳಿಗೆ ಕಳಿಸಿದ ಖರ್ಚಿನ ಹಣವನ್ನು ಡೇವಿಸ್ ದಂಪತಿ ದಾನವೆಂದು ತೋರಿಸಿದಾಗ, 1990ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಹಣ ಇಗರ್ಜಿಯ ಕೈಗೆ ಹೋಗದೆ ಮಕ್ಕಳ ಖಾತೆಗೆ ಹೋಯಿತು ಎಂಬುದೇ ಕಾರಣ.

ನಮ್ಮ ಉಪದೇಶಿಗೂ ಅರ್ಚಕರಿಗೂ ಅಂಥ ಕಲಮು ಇದ್ದಿದ್ದರೆ ಪ್ರಯೋಜನವಾಗುತ್ತಿತ್ತೇ? ಹೆಚ್ಚೇನೂ ಇಲ್ಲ ಎಂಬುದು ನನ್ನ ಎಣಿಕೆ. ಕಳೆಯಬೇಕಾದರೆ ಮೊದಲು ಕೂಡಿದ್ದು ಬೇಕಲ್ಲ! 2025-26ರ ಹಣಕಾಸು ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ವರಮಾನಕ್ಕೆ ರಿಯಾಯಿತಿ ಸಿಕ್ಕು ತೆರಿಗೆಯೇ ಬೀಳುವುದಿಲ್ಲ, ಆ ಪದ್ಧತಿಯಲ್ಲಿ 80ಜಿ ಕೂಡ ಇಲ್ಲ. ವರ್ಷಕ್ಕೆ 72,000 ಬರುವವನಿಗೆ ತೆರಿಗೆ ವಿನಾಯಿತಿ ಕೊಡುವುದೆಂದರೆ ಬೋಳುತಲೆಗೆ ಬಾಚಣಿಗೆ ಕೊಟ್ಟಂತೆ. ಭೂಕಂದಾಯವಾದರೆ ತುಂಡು ನೆಲಕ್ಕೂ ಬೀಳುತ್ತಿತ್ತು, ಆದ್ದರಿಂದ ಅದರ ಮಾಫಿ ಬಡ ಪೂಜಾರಿಗೂ ತಲುಪುತ್ತಿತ್ತು. ಆದಾಯ ತೆರಿಗೆಯ ವಿನಾಯಿತಿ ತಲುಪುವುದು ತೆರಿಗೆ ಕಟ್ಟುವಷ್ಟು ಗಳಿಸುವವರಿಗೆ ಮಾತ್ರ.

ಹಾಗಾಗಿ ಉಳಿಯುವ ದಾರಿ ಸಂಸ್ಥೆಯೇ ಖರ್ಚನ್ನು ತುಂಬಿಕೊಡುವುದು. ಸಭೆಯ ಟ್ರಸ್ಟೋ, ದೇವಾಲಯದ ಸಮಿತಿಯೋ ಪೆಟ್ರೋಲಿನ ರಸೀತಿ, ಎಣ್ಣೆಯ ಚೀಟಿ ಪಡೆದು ಅಷ್ಟೇ ಹಣ ಹಿಂದಿರುಗಿಸಿದರೆ ಅದು ಪಡೆದವನ ವರಮಾನವಾಗುವುದಿಲ್ಲ, ಸಂಸ್ಥೆಯ ಪುಸ್ತಕದಲ್ಲಿ ಧರ್ಮಕಾರ್ಯದ ಖರ್ಚಾಗಿ ನಿಲ್ಲುತ್ತದೆ. ಬಿಡಿಗಾಸಿನ ಸಭೆ, ಹುಂಡಿಯಿಲ್ಲದ ಗುಡಿ ಏನು ತುಂಬಿಕೊಟ್ಟೀತು ಎಂದು ಕೇಳಿದರೆ ಉತ್ತರ ಸುಲಭವಲ್ಲ. 1993ರಲ್ಲಿ ಸುಪ್ರೀಂ ಕೋರ್ಟು ಇಮಾಮರ ವಿಷಯದಲ್ಲಿ, ನಮಾಜು ಮಾಡಿಸುವುದು ಪುಣ್ಯಕಾರ್ಯವೆಂಬ ಕಾರಣಕ್ಕೆ ಸಂಭಾವನೆ ನಿರಾಕರಿಸುವಂತಿಲ್ಲ, ವಕ್ಫ್ ಮಂಡಳಿಗಳು ಅದಕ್ಕೆ ವ್ಯವಸ್ಥೆ ಮಾಡಬೇಕು ಎಂದು ಹೇಳಿತ್ತು. 2025-26ರ ರಾಜ್ಯ ಬಜೆಟ್ಟಿನಲ್ಲಿ ಜೈನ ಪುರೋಹಿತರಿಗೆ, ಸಿಖ್ಖರ ಮುಖ್ಯ ಗ್ರಂಥಿಗಳಿಗೆ, ಪೇಶ್ ಇಮಾಮರಿಗೆ ಗೊತ್ತುಮಾಡಿದ ತಿಂಗಳ ಗೌರವಧನವೂ 6,000 ರೂಪಾಯಿಯೇ. ‘ಸಿ’ ದರ್ಜೆಯ ಗುಡಿಯ ತಸ್ತೀಕಿಗೆ ಸರಿಸಮ. ಒಂದು ವ್ಯತ್ಯಾಸವೆಂದರೆ, ಗೌರವಧನ ಮನುಷ್ಯನಿಗೆ ಕೊಡುವುದು. ಗುಡಿಯ 6,000ದಲ್ಲಿ ದೀಪದ ಎಣ್ಣೆಯೂ ಸೇರಿದೆ.